ಟೆಸ್ಟಿನ ಮಕ್ಕಳು ಬೆಳೆಯುವುದಿಲ್ಲ

ಮಾರ್ಚ್ ೪, ಮಂಗಳವಾರ. ಮಧ್ಯಾಹ್ನ

ಬಾಟಲಿ ಕುದಿಸಿಟ್ಟೆ. ಮುಚ್ಚಳ ಕಾಣಲಿಲ್ಲ. ಅಡುಗೆಮನೆಯೆಲ್ಲ ಜಾಲಾಡಿದೆ. ಕೈಯಲ್ಲೇ ಇತ್ತು.

ಪುಟ್ಟಿ ಮಲಗಿದ್ದಾಳೆ. ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದೆ — ಬೆಚ್ಚಗೆ ತಾಕಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ತಿರುಗಿದರೆ ಅತ್ತೆ ಬಾಗಿಲಲ್ಲಿ.

"ಉಸಿರಾಡ್ತಿದಾಳಾ?"

"ಹೂಂ ಅತ್ತೆ."

"ಹಂಗಾದ್ರೆ ನೀನೂ ಒಂಚೂರು ಉಸಿರಾಡು ತಾಯಿ."

ನಗು ಬಂತು. ನಗುವುದಕ್ಕೂ ತ್ರಾಣ ಬೇಕು.

ಮನೆಯಿಂದ ಅರ್ಧ ದಿನದ ಕೆಲಸ, ಎರಡನೇ ವಾರ. ಏಪ್ರಿಲ್ ಒಂದರಿಂದ ಪೂರ್ತಿ. ಅಲ್ಲಿಯವರೆಗೆ ಬೇರೆಯವರು ಬರೆದದ್ದನ್ನು ಓದಿ ತಪ್ಪಿದ್ದರೆ ಹೇಳುವುದು. ಮಕ್ಕಳ ವಾರ್ಡಿನ ಪ್ರೋಗ್ರಾಂ — ಯಾವ ಮಗುವಿಗೆ ಯಾವ ಔಷಧಿ ಎಷ್ಟು ಎಂದು ಲೆಕ್ಕ ಹಾಕಿ ನರ್ಸಿಗೆ ತೋರಿಸುವಂಥದ್ದು. ಮುಂದಿನ ಬುಧವಾರ ಆಸ್ಪತ್ರೆಯಲ್ಲಿ ಶುರು. ನಾನು ಹೆರಿಗೆ ರಜೆಗೆ ಹೋದ ಮೇಲೆ ಅದನ್ನು ಕೈಗೆತ್ತಿಕೊಂಡವನು ಎಕ್ಸ್‌ಪ್ರೆಸ್. ಆಫೀಸಿನಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುವುದು. ಮಾತಿಗೂ ಸ್ಟೇಷನ್ ಇಲ್ಲ, ಟೈಪಿಂಗಿಗೂ ಇಲ್ಲ.

ಲೆಕ್ಕ ಹಾಕುವ ಫಂಕ್ಷನ್, ಅಂದರೆ ಪ್ರೋಗ್ರಾಂ ಒಳಗೆ ಆ ಒಂದು ಕೆಲಸ ಮಾಡುವ ತುಂಡು, ಅದು ಮಾತ್ರ ನಾನು ಬರೆದದ್ದು. ಇಟ್ಟ ಹಾಗೇ ಇದೆ. ಬಸುರಿಯಾಗಿದ್ದಾಗ ಬರೆದದ್ದು... ಆಗ ತಲೆ ನನ್ನದಾಗಿತ್ತು.

ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಅದೇನೇ ಅದು, ಅಷ್ಟೊತ್ತಿಂದ ಕಣ್ಣು ಕೀಳ್ದೆ ನೋಡ್ತಿದೀಯ?"

ಹೇಳಿದೆ. ಲೆಕ್ಕಕ್ಕೆ ಮೂರು ಸಂಗತಿ ಬೇಕು. ಮಗುವಿನ ತೂಕ, ಯಾವ ಔಷಧಿ, ದಿನಕ್ಕೆ ಎಷ್ಟು ಸಲ. ಮೂರನ್ನೂ ಒಟ್ಟಿಗೇ ಕೇಳುವ ಬದಲು ಒಂದೊಂದಾಗಿ ಕೇಳುವ ಹಾಗೆ ಬರೆಯಬಹುದು. ಅದಕ್ಕೆ ಕರಿಯಿಂಗ್ ಅನ್ನುತ್ತಾರೆ. ತೂಕ ಒಂದನ್ನೇ ಕೊಟ್ಟರೆ ಉತ್ತರ ಬರುವುದಿಲ್ಲ, ಇನ್ನೊಂದು ಫಂಕ್ಷನ್ ಬರುತ್ತದೆ. ಅದು ತೂಕವನ್ನು ಮಡಿಲಲ್ಲಿ ಕಟ್ಟಿಕೊಂಡು ಉಳಿದ ಎರಡಕ್ಕೆ ಕಾಯುತ್ತಾ ಕೂರುತ್ತದೆ. ಹೀಗೆ ಅರ್ಧ ಕೊಟ್ಟು ಎತ್ತಿಟ್ಟುಕೊಂಡು, ಬೇಕಾದಾಗ ಉಳಿದದ್ದು ಕೊಡುವುದು — ಪಾರ್ಷಿಯಲ್ ಅಪ್ಲಿಕೇಶನ್.

ಅತ್ತೆ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು.

"ಅಂದ್ರೆ ನನ್ನ ಮಗನ ತರ."

"ಹೆಂಗೆ?"

"ಅಂಗಡಿಗೆ ಹೋಗೋ ಅಂದ್ರೆ ಚಪ್ಪಲಿ ಹಾಕ್ಕೊಂಡು ನಿಂತ್ಕೋತಾನೆ. ಏನು ತರ್ಬೇಕು ಅಂತ ಹೇಳಿದ್ರೆ ಚೀಲ ಹಿಡ್ಕೊಂಡು ನಿಂತ್ಕೋತಾನೆ. ಎಷ್ಟು ಅಂತ ಹೇಳಿದ್ಮೇಲೇ ಹೊಸ್ಲು ದಾಟೋದು."

ಕಾಲೇಜಿನಲ್ಲಿ ಮೂರು ಕ್ಲಾಸು ತೆಗೆದುಕೊಂಡಿತ್ತು ನನಗೆ ಇದು ಅರ್ಥವಾಗಲು. ಪ್ರೆಸ್ಸಿನ ಪಾಳಿ ಮುಗಿಸಿ ಇವರು ಬಂದಾಗ ಅತ್ತೆ ಮತ್ತೆ ಹೇಳಿದರು. ಬೆರಳ ತುದಿಯ ಮಸಿ ಉಜ್ಜಿಕೊಳ್ಳುತ್ತಾ ಇವರೆಂದರು, "ಸರಿ, ಈಗ ನಾನೇನು ಮಾಡ್ಬೇಕು?" ಇಬ್ಬರೂ ನಕ್ಕೆವು. ಯಾಕೆಂದು ಅವರಿಗೆ ಗೊತ್ತಾಗಲಿಲ್ಲ.


ಮಾರ್ಚ್ ೫. ಸಂಜೆ

ಎಕ್ಸ್‌ಪ್ರೆಸ್‌ನ ಕೋಡ್ ಓದಿದೆ. ಚೆನ್ನಾಗಿದೆ. ಮಗು ವಾರ್ಡಿಗೆ ದಾಖಲಾದಾಗ ತೂಕವನ್ನು ಒಂದೇ ಸಲ ನನ್ನ ಫಂಕ್ಷನ್ನಿಗೆ ಕೊಡುತ್ತಾನೆ. ಕೊಟ್ಟಾಗ ಬರುವ, ಕಾಯುವ ಫಂಕ್ಷನ್ನನ್ನು ಆ ಮಗುವಿನ ಹೆಸರಿನಲ್ಲಿ ಎತ್ತಿಡುತ್ತಾನೆ. ಆಮೇಲೆ ನರ್ಸ್ ಔಷಧಿ ಆರಿಸಿದರೆ ಸಾಕು. ಮತ್ತೆ ಮತ್ತೆ ತೂಕ ಕೇಳುವ ರಗಳೆ ಇಲ್ಲ. ಅಚ್ಚುಕಟ್ಟು. "ಒಳ್ಳೆಯದಿದೆ" ಎಂದು ಪಕ್ಕದಲ್ಲಿ ಬರೆದೆ.

ಬರೆದ ಮೇಲೆ ಎರಡು ಸಲ ಓದಿದೆ. ಈಗ ಯಾವುದನ್ನೂ ಒಂದೇ ಸಲಕ್ಕೆ ನಂಬಲಾಗುವುದಿಲ್ಲ. ಹೋದ ವಾರ ಪ್ರೋಗ್ರಾಂನಲ್ಲಿ ಮಕ್ಕಳ ಹುಟ್ಟಿದ ದಿನಗಳೆಲ್ಲ ಒಂದು ದಿನ ಹಿಂದೆ ಬರುತ್ತಿವೆ ಎಂದು ಮೇಷ್ಟ್ರಿಗೆ ಫೋನು ಮಾಡಿದ್ದೆ. ಮೇಷ್ಟ್ರೆಂದರೆ ನಮ್ಮ ಟೀಮಿನ ಹಿರಿಯರು, ಮೊದಲು ಕಾಲೇಜಿನಲ್ಲಿ ಪಾಠ ಮಾಡಿದವರು, ಹೆಸರು ಹಾಗೇ ಉಳಿದಿದೆ. ಟೀಮು ಪೂರ್ತಿ ಕೂತು ಹುಡುಕಿತು. ಕೊನೆಗೆ ನೋಡಿದರೆ ನನ್ನ ಲ್ಯಾಪ್‌ಟಾಪಿನ ಗಡಿಯಾರವೇ ತಪ್ಪಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಚೆನ್ನಾಗಿ ನಿದ್ದೆ ಮಾಡಮ್ಮಾ" ಎಂದರು ಮೇಷ್ಟ್ರು. ಆಮೇಲೆ ಕಿವಿಗೆ ಬಿತ್ತು — ಏಪ್ರಿಲ್‌ನಿಂದ ನನಗೆ ಕೈಪಿಡಿ ಬರೆಯುವ ಕೆಲಸವಂತೆ. ಕೋಡ್ ಅಲ್ಲ. "ಒತ್ತಡ ಕಡಿಮೆ ಇರುತ್ತೆ ಅಂತ."

ಇನ್ನೂ ಗಟ್ಟಿಯಾಗಿಲ್ಲವಂತೆ; ಇನ್ನೊಂದು ಸಲ ಹಾಗಾದರೆ ಕೈಪಿಡಿಯೇ ಗತಿ.


ಮಾರ್ಚ್ ೭. ಸಂಜೆ

ಪುಟ್ಟಿಗೆ ಜ್ವರ. ಬೆಳಿಗ್ಗೆಯಿಂದ ಸಪ್ಪಗಿದ್ದಳು. ಅತ್ತೆ ಕಪಾಟಿನಿಂದ ಜ್ವರದ ಡ್ರಾಪ್ಸ್ ತೆಗೆದರು. ಡ್ರಾಪರಿನ ಮೇಲೆ ಇವರು ಅಂಟಿಸಿದ ಬಿಳಿ ಟೇಪು, ಅದರ ಮೇಲೊಂದು ಗೆರೆ, "ಇಲ್ಲಿವರೆಗೆ" ಎಂದು ದಪ್ಪಕ್ಷರ. ಮೊದಲ ಚುಚ್ಚುಮದ್ದಿನ ದಿನ ಡಾಕ್ಟರು ಹೇಳಿದ ಅಳತೆ. ಅವತ್ತು ನಾನು ಎಷ್ಟೆಂದು ನೂರು ಸಲ ಕೇಳಿದ್ದಕ್ಕೆ ಇವರು ರೋಸಿ ಹೋಗಿ ಅಂಟಿಸಿದ್ದು.

ಅತ್ತೆ ಗೆರೆಗೆ ಸರಿಯಾಗಿ ಎಳೆದು, ಬೆಳಕಿಗೆ ಹಿಡಿದು, ಒಂದು ಹನಿ ವಾಪಸ್ ಬಿಟ್ಟು ಕೊಟ್ಟರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಇಳಿಯಲಿಲ್ಲ.


ಮಾರ್ಚ್ ೯, ಭಾನುವಾರ. ಬೆಳಿಗ್ಗೆ

ಶನಿವಾರ ಬರೆಯಲಿಲ್ಲ. ಬರೆಯಲು ಏನಿತ್ತು. ಒದ್ದೆ ಬಟ್ಟೆ, ಡ್ರಾಪ್ಸ್, ಥರ್ಮಾಮೀಟರ್, ಒದ್ದೆ ಬಟ್ಟೆ. ಕೊಟ್ಟ ಮೇಲೆ ಸ್ವಲ್ಪ ಇಳಿದ ಹಾಗೆ ಆಗಿ ಮತ್ತೆ ಏರುತ್ತದೆ. ನಿದ್ದೆ ಎಂಬುದು ಯಾರ ಮನೆಯದೋ.

ಡಾಕ್ಟರಿಗೆ ಫೋನು ಮಾಡಲು ಇವರು ಹಿಂದೆ ಮುಂದೆ ನೋಡಿದರು. "ಹೋದ್ಸಲ ಬಿಕ್ಕಳಿಕೆಗೆ ಮಾಡಿದ್ವಿ. ಅದಕ್ಕೂ ಮುಂಚೆ ಸೀನಿಗೆ."

"ಇದು ಸೀನಲ್ಲ ರೀ."

"ಅಲ್ಲ ಅಂತ ನಂಗೂ ಗೊತ್ತು. ಅವರಿಗೆ ಗೊತ್ತಾಗ್ಬೇಕಲ್ಲ."

ನಾನೇ ಮಾಡಿದೆ. ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು. ಎಷ್ಟು ಕೊಡ್ತಿದೀರಿ ಅಂದರು. ಟೇಪಿನ ಗೆರೆ ನೋಡಿ ಹೇಳಿದೆ.

"ಮಗು ತೂಕ ಎಷ್ಟೀಗ?"

ಯಾರಿಗೂ ಗೊತ್ತಿಲ್ಲ. ಇವರು ಸ್ನಾನದ ಮನೆಯಿಂದ ತೂಕದ ಮೆಷಿನ್ ತಂದು, ಪುಟ್ಟಿಯನ್ನು ಎತ್ತಿಕೊಂಡು ಹತ್ತಿದರು. ಆಮೇಲೆ ಅವಳನ್ನು ಅತ್ತೆಗೆ ಕೊಟ್ಟು ಒಬ್ಬರೇ ಹತ್ತಿದರು. ಕಳೆದು ನೋಡಿದರೆ — ಟೇಪು ಅಂಟಿಸಿದ ದಿನದ ತೂಕಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು.

"ಮತ್ತೆ? ಅರ್ಧ ಔಷಧಿಗೆ ಅರ್ಧ ಜ್ವರಾನೇ ಇಳಿಯೋದು," ಎಂದು ಡಾಕ್ಟರು ಹೊಸ ಅಳತೆ ಹೇಳಿದರು.

ಕೊಟ್ಟೆವು. ಈಗ ಹಣೆ ತಣ್ಣಗಿದೆ. ಬೆವರಿದ್ದಾಳೆ. ನನ್ನ ತೋಳಿನ ಮೇಲೆ ಕಲ್ಲಿನ ಹಾಗೆ ಮಲಗಿದ್ದಾಳೆ, ತೋಳು ಜೋಮು ಹಿಡಿದಿದೆ. ಈ ಭಾರ ದಿನಾ ಹೊರುತ್ತಿದ್ದೇನೆ. ಸೊಂಟ ನೋಯುತ್ತದೆ ಎಂದು ದಿನಾ ಗೊಣಗುತ್ತೇನೆ. ಆದರೂ ಗೆರೆ ನೋಡಿದಾಗ ಹೊಳೆಯಲಿಲ್ಲ.


ಅದೇ ದಿನ. ಸಂಜೆ

ಎಲ್ಲರೂ ಹಗುರಾಗಿ ನಗುತ್ತಿದ್ದಾರೆ. ಅತ್ತೆ ಟೇಪು ಕಿತ್ತು ಇವರ ಹಣೆಗೆ ಅಂಟಿಸಲು ಹೋದರು. "ಇಲ್ಲಿವರೆಗೆ ಮಾತ್ರ ಬುದ್ಧಿ ಅಂತ ಬರ್ದಿಡ್ತೀನಿ ತಡಿ!"

ನನಗೆ ನಗು ಬರಲಿಲ್ಲ. ತಪ್ಪು ಯಾರದು? ಡಾಕ್ಟರು ಅವತ್ತು ಸರಿಯಾಗೇ ಹೇಳಿದ್ದರು. ಇವರು ಸರಿಯಾಗೇ ಗೆರೆ ಎಳೆದರು. ಅತ್ತೆ ಗೆರೆಗೆ ಸರಿಯಾಗಿ ಕೊಟ್ಟರು. ಎಲ್ಲರದೂ ಸರಿ. ತೂಕ ಮಾತ್ರ ಅವತ್ತಿನದು. ಅವತ್ತು ಒಂದು ಸಲ ಕೊಟ್ಟು, ಉಳಿದದ್ದನ್ನು ಕಪಾಟಿನಲ್ಲಿ ಎತ್ತಿಟ್ಟೆವು. ಕಾಯುತ್ತಾ ಕೂತಿತ್ತು, ಹಳೆಯ ತೂಕವನ್ನು ಮಡಿಲಲ್ಲಿ ಕಟ್ಟಿಕೊಂಡು...

ದೇವರೇ. ವಾರ್ಡು.

ಎಕ್ಸ್‌ಪ್ರೆಸ್ ಮಾಡಿದ್ದೂ ಇದನ್ನೇ. ದಾಖಲಾದ ದಿನದ ತೂಕ ಕೊಟ್ಟು ಎತ್ತಿಟ್ಟಿದ್ದಾನೆ. ಆ ವಾರ್ಡಿನಲ್ಲಿ ತಿಂಗಳುಗಟ್ಟಲೆ ಇರುವ ಎಳೆಕೂಸುಗಳಿವೆ. ಬೆಳೆಯುತ್ತವೆ. ಕೆಲವು ಇಳಿಯುತ್ತವೆ ಕೂಡ — ಇಳಿದರೆ ಔಷಧಿ ಹೆಚ್ಚಾಗುತ್ತದೆ.

ನಾನೇ "ಒಳ್ಳೆಯದಿದೆ" ಎಂದು ಬರೆದಿದ್ದೇನೆ.


ಮಾರ್ಚ್ ೧೦, ಸೋಮವಾರ. ಬೆಳಿಗ್ಗೆ

ಒಂದು ಟೆಸ್ಟ್ ಬರೆದೆ, ಇಲ್ಲದ ಮಗುವೊಂದನ್ನು ಕೊಟ್ಟು ಲೆಕ್ಕ ಸರಿಯಿದೆಯೇ ಎಂದು ನೋಡುವಂಥದ್ದು; ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಒಂದು ಮಗು, ಮೊದಲು ಒಂದು ತೂಕ, ಆಮೇಲೆ ಹೆಚ್ಚಿದ ತೂಕ, ಅದೇ ಔಷಧಿ. ಔಷಧಿಯೂ ಹೆಚ್ಚಾಗಿ ಬರಬೇಕು. ಓಡಿಸಿದೆ. ಹಸಿರು. ಸರಿಯಾಗಿಯೇ ಬಂತು.

ಅಂದರೆ ತಪ್ಪೇ ಇಲ್ಲ.

ಬಹಳ ಹೊತ್ತು ಹಸಿರನ್ನೇ ನೋಡುತ್ತಾ ಕೂತೆ. ಹಾಗಾದರೆ ಎಲ್ಲ ನನ್ನ ತಲೆಯೊಳಗೇ ಆಗುತ್ತಿರುವುದು. ಗಡಿಯಾರದ ಹಾಗೆ. ಬಿಕ್ಕಳಿಕೆಯ ಹಾಗೆ. ಮೇಷ್ಟ್ರಿಗೆ ಫೋನು ಮಾಡದೇ ಇದ್ದದ್ದು ಒಳ್ಳೆಯದಾಯಿತು ಅಂದುಕೊಂಡೆ. ಅಂದುಕೊಂಡರೂ ಎದ್ದು ಹೋಗಲು ಕಾಲು ಬರಲಿಲ್ಲ.

ಪುಟ್ಟಿ ಅಳತೊಡಗಿದಳು. ಇವರು ಬಂದು ನಿಂತರು.

"ಏನು ಮಾಡ್ಲಿ?"

"ಎತ್ಕೊಳ್ಳಿ."

ಎತ್ತಿಕೊಂಡು ನಿಂತರು.

"ಆಚೆ ರೂಮಿಗೆ."

ಬಾಗಿಲವರೆಗೆ ಹೋಗಿ ನಿಂತರು.

"ನಾನು ಕರೆಯೋವರೆಗೂ ಬರ್ಬೇಡಿ."

ಹೋದರು. ಅತ್ತೆ ಅಡುಗೆಮನೆಯಿಂದ, "ಮೂರೂ ಸಿಕ್ತಲ್ಲ, ಇನ್ನು ಓಡುತ್ತೆ ಗಾಡಿ," ಎಂದರು.


ಅದೇ ದಿನ. ಮಧ್ಯಾಹ್ನ

ಸಿಕ್ಕಿತು.

ನನ್ನ ಟೆಸ್ಟನ್ನು ಎಕ್ಸ್‌ಪ್ರೆಸ್‌ನ ಟೆಸ್ಟ್ ನೋಡಿ ಬರೆದಿದ್ದೆ. ಅವನ ಪ್ರತಿ ಟೆಸ್ಟಿನಲ್ಲೂ ತೂಕದ ಸಾಲಿಗೆ ಮೊದಲು ಮಗುವನ್ನು ಹೊಸದಾಗಿ ದಾಖಲು ಮಾಡುವ ಸಾಲಿದೆ. ಕಣ್ಣು ಮುಚ್ಚಿ ನಾನೂ ಎರಡು ಸಲ ದಾಖಲು ಮಾಡಿದ್ದೆ. ಹೊಸ ದಾಖಲೆ, ಹೊಸ ತೂಕ, ಸರಿಯಾದ ಉತ್ತರ. ನಮ್ಮ ಟೆಸ್ಟಿನ ಮಕ್ಕಳೆಲ್ಲ ಹೀಗೇ. ದಾಖಲಾಗುತ್ತವೆ, ಒಂದು ಔಷಧಿ ತೆಗೆದುಕೊಳ್ಳುತ್ತವೆ, ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಗುತ್ತವೆ. ಒಂದು ರಾತ್ರಿಯನ್ನೂ ವಾರ್ಡಿನಲ್ಲಿ ಕಳೆಯುವುದಿಲ್ಲ. ಹಾಲು ಕುಡಿಯುವುದಿಲ್ಲ. ಬೆಳೆಯುವುದಿಲ್ಲ.

ಎರಡನೇ ದಾಖಲೆಯ ಸಾಲು ಅಳಿಸಿದೆ. ಅದೇ ಮಗು, ವಾರ್ಡಿನಲ್ಲೇ ಇದೆ, ತೂಕ ಮಾತ್ರ ಬದಲಾಯಿತು.

ಕೆಂಪು.

ಪರದೆಯ ಮೇಲ್ಗಡೆ ಹೊಸ ತೂಕ ತೋರಿಸುತ್ತದೆ, ಕೆಳಗೆ ಔಷಧಿ ಹಳೆಯ ತೂಕದ್ದು. ಇದಕ್ಕಿಂತ ಕೆಟ್ಟದ್ದು ಇನ್ನೇನು. ನೋಡಿದ ನರ್ಸ್ ನಂಬುತ್ತಾರೆ.

ಎಕ್ಸ್‌ಪ್ರೆಸ್‌ಗೆ ಫೋನು ಮಾಡಿದೆ.

"ಅಕ್ಕಾ! ಪುಟ್ಟಿ ಹೆಂಗಿದಾಳೆ, ಜ್ವರ ಅಂತೆ, ಇಳೀತಾ, ಇಲ್ಲಿ ಬುಧವಾರದ ಗಲಾಟೆ, ಎಲ್ಲಾ ಟೆಸ್ಟೂ ಹಸಿರು ಅಕ್ಕಾ, ಒಂದೂ ಕೆಂಪಿಲ್ಲ —"

"ನಿನ್ನ ಟೆಸ್ಟಿನ ಮಕ್ಕಳು ಬೆಳೆಯಲ್ಲ ಕಣೋ."

ಮೊದಲ ಸಲ ಅವನ ಮಾತು ನಿಂತಿತು. ವಿವರಿಸಿದೆ. ನಾಲಿಗೆ ತೊಡರಿತು. ಡ್ರಾಪರು, ಟೇಪು, ವಾರ್ಡು, ಎಲ್ಲ ಕಲಸಿಹೋಯಿತು. ನನಗೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು.

"ಅಕ್ಕಾ," ಎಂದ, ಮೆಲ್ಲಗೆ. "ಬೇಜಾರು ಮಾಡ್ಕೋಬೇಡಿ. ನಿದ್ದೆ ಮಾಡಿದ್ರಾ?"

"ಅದಕ್ಕೂ ಇದಕ್ಕೂ ಏನೋ ಸಂಬಂಧ?"

"ಇಲ್ಲ ಇಲ್ಲ. ಆದ್ರೆ ನೀವೇ ಒಳ್ಳೇದಿದೆ ಅಂತ ಬರ್ದಿದೀರಲ್ಲ, ಹೋದ ಬುಧವಾರ."

ಫೋನು ಇಟ್ಟೆ. ನನ್ನ ಮೇಲೂ ಯಾರೋ ಒಂದು ಟೇಪು ಅಂಟಿಸಿದ್ದಾರೆ. ನಿದ್ದೆಗೆಟ್ಟವಳು. ಅದನ್ನು ಒಂದು ಸಲ ಕೊಟ್ಟು ಎತ್ತಿಟ್ಟಾಗಿದೆ. ಇನ್ನು ನಾನು ಏನೇ ತಂದು ಕೊಟ್ಟರೂ ಉತ್ತರ ಅದರಿಂದಲೇ ಬರುವುದು.


ಮಾರ್ಚ್ ೧೧. ಬೆಳಿಗ್ಗೆ

ಇವರು ಪಾಳಿಗೆ ಹೊರಟಿದ್ದರು. ಹೇಳಿದೆ.

"ಮೇಷ್ಟ್ರಿಗೆ ಹೇಳಿದ್ರೆ ನಗ್ತಾರೆ. ಇದೂ ಸುಳ್ಳಾದ್ರೆ ಕೋಡ್ ಕಡೆ ತಲೆ ಹಾಕಿ ಮಲಗೋಕೂ ಬಿಡಲ್ಲ."

"ಕೆಂಪು ಬಂದಿದೆ ಅಂದ್ಯಲ್ಲ."

"ಬಂದಿದೆ. ಆದ್ರೆ ಹುಟ್ಟಿದ ದಿನ ತಪ್ಪಾಗಿ ಬಂದಿದ್ದನ್ನೂ ಕಣ್ಣಾರೆ ನೋಡಿದ್ದೆ."

ಇವರು ಚಪ್ಪಲಿ ಹಾಕಿಕೊಂಡು ನಿಂತರು. ಹೊಸ್ತಿಲು ದಾಟಲಿಲ್ಲ.

"ನಾನು ಆ ಗೆರೆ ಎಳೆದಿದ್ದೆ. ನನ್ನ ಕೈಯಾರೆ," ಎಂದರು. "ನೀನು ಡಾಕ್ಟರಿಗೆ ಫೋನ್ ಮಾಡ್ತೀನಿ ಅಂದಾಗ ಬೇಡ ಅಂದಿದ್ದೂ ನಾನೇ."

ಅಷ್ಟೇ. ಹೋದರು. ಮಾತು ಕಡಿಮೆ ಮನುಷ್ಯ. ಬಾಗಿಲು ಹಾಕಿದ ಮೇಲೂ ಆ ಮಾತು ಒಳಗೇ ನಿಂತಿತ್ತು.


ಅದೇ ದಿನ. ಮಧ್ಯಾಹ್ನ

ಮೇಷ್ಟ್ರಿಗೆ ಮಾಡಿದೆ. ಈ ಸಲ ಡ್ರಾಪರಿನ ಕಥೆ ಹೇಳಲಿಲ್ಲ. ಮೊದಲು ಲ್ಯಾಪ್‌ಟಾಪಿನ ಗಡಿಯಾರ ನೋಡಿದೆ ಅಂದೆ. ಅವರು ಹೂಂಗುಟ್ಟಿದರು. ನಗಲಿಲ್ಲ.

"ತೂಕ ಬದಲಾದ್ರೆ ನರ್ಸ್ ಹೊಸದಾಗಿ ಹಾಕ್ತಾರಲ್ಲಮ್ಮಾ?"

"ಹಾಕ್ತಾರೆ ಸಾರ್. ಪರದೆ ಮೇಲೆ ಬದಲಾಗುತ್ತೆ. ಆದ್ರೆ ಎತ್ತಿಟ್ಟಿರೋ ಫಂಕ್ಷನ್ ಒಳಗೆ ಹಳೇದೇ ಇರುತ್ತೆ. ದಾಖಲಾದ ದಿನಾನೇ ಅದಕ್ಕೆ ತೂಕ ಕೊಟ್ಟಾಗಿದೆ. ಅದು ಮತ್ತೆ ಕೇಳಲ್ಲ."

"ಮತ್ತೆ ಕೇಳಲ್ಲ," ಎಂದು ಅವರೂ ಹೇಳಿಕೊಂಡರು. ಕಾಲೇಜಿನ ಬೋರ್ಡಿನ ಮುಂದೆ ನಿಂತವರ ಹಾಗೆ. "ಕಡಿಮೆ ಬದಲಾಗೋದನ್ನ ಮೊದಲು ಇಡಿ, ಹೆಚ್ಚು ಬದಲಾಗೋದನ್ನ ಕೊನೆಗಿಡಿ ಅಂತ ನಾನೇ ಹೇಳಿಕೊಡ್ತಿದ್ದೆ. ತೂಕ ಬದಲಾಗಲ್ಲ ಅಂತ ಅಂದ್ಕೊಂಡವರು ಯಾರು?"

"ಎಲ್ರೂ ಸಾರ್. ನಾವೆಲ್ಲ ಬೆಳೆದು ಮುಗಿದಿರೋರು."

ಪೆನ್ನು ಗೀಚುವ ಸದ್ದು ಕೇಳಿಸಿತು. ಆಮೇಲೆ, "ಆ ಟೆಸ್ಟ್ ಕಳಿಸು. ನೋಡ್ತೀನಿ."

ನೋಡ್ತೀನಿ ಎಂದರೆ ನಂಬಿದರೋ, ಸಮಾಧಾನ ಮಾಡಿದರೋ. ಕಳಿಸಿದೆ. ಜೊತೆಗೆ ತಿದ್ದುಪಡಿಯನ್ನೂ. ಫಂಕ್ಷನ್ನಿನ ಸಾಲು ತಿರುವಿದೆ ಅಷ್ಟೇ. ಮೊದಲು ಔಷಧಿ, ಆಮೇಲೆ ಎಷ್ಟು ಸಲ, ಕೊನೆಗೆ ತೂಕ. ಯಾರು ಎಷ್ಟೇ ಎತ್ತಿಟ್ಟುಕೊಂಡರೂ ಕೊನೆಯ ಗಳಿಗೆಯಲ್ಲಿ ಅದು ಕೇಳಲೇಬೇಕು — ಈಗ ಎಷ್ಟು? ಒಂದು ಪದವನ್ನು ಮೊದಲಿನಿಂದ ಕೊನೆಗೆ ಸರಿಸಿದ್ದು. ಅಷ್ಟಕ್ಕೆ ಮೂರು ದಿನ ಬೇಕಾಯಿತು.


ಮಾರ್ಚ್ ೧೨, ಬುಧವಾರ. ಬೆಳಿಗ್ಗೆ

ಸುದ್ದಿಯಿಲ್ಲ. ಹತ್ತಕ್ಕೆ ಶುರು. ಫೋನನ್ನು ಹಾಲಿನ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಅತ್ತೆ ಎರಡು ಸಲ ಬಂದು ಫೋನಿನ ಮೇಲೆ ಬೆರಳು ಹಿಡಿದು, "ಉಸಿರಾಡ್ತಿದೆ," ಎಂದು ಹೋದರು.

ಶುರುವಾಗಿಬಿಟ್ಟರೆ? ಆಸ್ಪತ್ರೆಗೆ ನಾನೇ ಫೋನು ಮಾಡಬೇಕು. ಯಾರೆಂದು ಹೇಳಲಿ. ಕೈಪಿಡಿ ಬರೆಯುವವಳು ಎಂದೇ.


ಅದೇ ದಿನ. ಹನ್ನೊಂದರ ಹೊತ್ತಿಗೆ

ಎಕ್ಸ್‌ಪ್ರೆಸ್ ಮಾಡಿದ. ಒಂದೇ ಉಸಿರಿನಲ್ಲಿ — "ಅಕ್ಕಾ ನಿಲ್ಸಿದೀವಿ, ಮೇಷ್ಟ್ರು ಬೆಳಿಗ್ಗೆ ಆರಕ್ಕೇ ಬಂದು ಕೂತಿದ್ರು, ನಿಮ್ಮ ಟೆಸ್ಟ್ ಅವರ ಮೆಷಿನ್ನಲ್ಲೂ ಕೆಂಪು, ನನ್ನದರಲ್ಲೂ ಕೆಂಪು, ಆಸ್ಪತ್ರೆಯೋರು ಕೂಗಾಡ್ತಿದಾರೆ, ಎರಡು ವಾರ ಮುಂದಕ್ಕೆ, ಈಗ ನನ್ನ ಎಲ್ಲಾ ಟೆಸ್ಟಿನ ಮಕ್ಕಳನ್ನೂ ಬೆಳೆಸ್ಬೇಕಂತೆ ಅಕ್ಕಾ, ಅಷ್ಟೂ ಮಕ್ಕಳನ್ನ!"

"ಬೆಳೆಸು. ಗೊತ್ತಾಗುತ್ತೆ."

ಆಮೇಲೆ ಮೇಷ್ಟ್ರು ಮಾತಾಡಿದರು. ನಿದ್ದೆ ಮಾಡಿದೆಯಾ ಎಂದು ಕೇಳಿದರು. ಇಲ್ಲ ಸಾರ್ ಅಂದೆ.

"ಸರಿ. ಮಾಡ್ದೇನೇ ಬಾ. ಒಂದನೇ ತಾರೀಕು. ಕೈಪಿಡಿ ಬೇರೆ ಯಾರಾದ್ರೂ ಬರೀತಾರೆ."

ಖುಷಿಯಾಗಬೇಕಿತ್ತು. ಸಿಂಕಿನ ಹತ್ತಿರ ನಿಂತು ಬಾಟಲಿ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅತ್ತೆ ಬಂದು ಬಾಟಲಿ ಕಸಿದುಕೊಂಡರು.


ಮಾರ್ಚ್ ೧೬, ಭಾನುವಾರ. ಬೆಳಿಗ್ಗೆ

ಮೂರು ದಿನ ಬರೆಯಲಿಲ್ಲ. ಎರಡು ಮಧ್ಯಾಹ್ನ ಮಲಗಿದ್ದೆ. ಪುಟ್ಟಿಯ ಮೂಗಿನ ಹತ್ತಿರ ಬೆರಳು ಹಿಡಿಯುವುದು ಬಿಟ್ಟಿಲ್ಲ. ಇವತ್ತು ಎರಡೇ ಸಲ.

ಡ್ರಾಪರಿಗೆ ಹೊಸ ಟೇಪು ಅಂಟಿಸಿದೆ. ಗೆರೆ ಎಳೆಯಲಿಲ್ಲ. "ಮೊದಲು ತೂಗಿ, ಕೇಳಿ" ಎಂದಷ್ಟೇ ಬರೆದೆ. ಅತ್ತೆ ಓದಿ, "ನಂಗೂ ಒಂದು ಅಂಟಿಸು, ದಿನಾ ಬೆಳಿಗ್ಗೆ ಕೇಳ್ಲಿ ಎಲ್ಲರೂ," ಎಂದರು. ತಮಾಷೆಗೆ ಅಂದರೋ ಇಲ್ಲವೋ ತಿಳಿಯಲಿಲ್ಲ. ಈ ಮನೆಯಲ್ಲಿ ಅವರನ್ನು ಹೇಗಿದ್ದೀರಿ ಎಂದು ಕೇಳಿ ಎಷ್ಟು ದಿನವಾಯಿತೋ. ಗಟ್ಟಿ ಹೆಂಗಸು ಎಂದು ಯಾವತ್ತೋ ಒಂದು ಸಲ ಗೆರೆ ಎಳೆದುಕೊಂಡಿದ್ದೇವೆ. ಕೇಳಿದೆ. ಮಂಡಿ ನೋವಂತೆ. ಒಂದು ತಿಂಗಳಾಯಿತಂತೆ.

ಸ್ನಾನದ ಮನೆಯ ಕಡೆಯಿಂದ ಸದ್ದು. ಇವರು ತೂಕದ ಮೆಷಿನ್ನನ್ನು ನೆಲದ ಮೇಲೆ ಎಳೆಯುತ್ತಿದ್ದಾರೆ. ನಾನು ಹೇಳಿಲ್ಲ. ಅತ್ತೆಯೂ ಹೇಳಿಲ್ಲ. ಯಾರೂ ಏನೂ ಕೊಟ್ಟಿಲ್ಲ, ತಾವಾಗೇ ಪುಟ್ಟಿಯನ್ನು ಎತ್ತಿಕೊಂಡು ಹತ್ತಿದ್ದಾರೆ. ಅವಳು ಕಿಲಕಿಲ ಅನ್ನುತ್ತಿದ್ದಾಳೆ, ಮುಳ್ಳು ನಿಲ್ಲುತ್ತಿಲ್ಲ.

"ಲೇ, ಬರ್ಕೋತೀಯಾ?" ಎಂದು ಕೂಗುತ್ತಿದ್ದಾರೆ. "ಅಲ್ಲಾಡ್ಬೇಡ್ವೇ ಪುಟ್ಟಿ... ಹಾಂ, ಬರ್ಕೋ —"

ಪುಟ್ಟಿಯ ಇವತ್ತಿನ ತೂಕ: